ಮಂಗಳೂರಿನಿಂದ ಸಾಮಾನು ಬರಬೇಕು

ರಿಪೇರಿ ಕೆಲಸದವರಿಗೆಲ್ಲ ಗೊತ್ತಿರುವ ಒಂದು ಸುಳ್ಳು ಇದೆ. ನನಗೆ ಕೆಲಸ ಕಲಿಸಿದವರು ಬೆಸುಗೆ ಹಾಕುವುದನ್ನು ಹೇಳಿಕೊಡುವ ಮೊದಲೇ ಅದನ್ನು ಹೇಳಿಕೊಟ್ಟಿದ್ದರು. ಗಿರಾಕಿ ಬಂದು "ನನ್ನ ರೇಡಿಯೋ ಆಯಿತಾ?" ಎಂದು ಕೇಳುತ್ತಾನೆ. ನಾವು ಅದರ ಮುಚ್ಚಳವನ್ನೂ ತೆಗೆದಿರುವುದಿಲ್ಲ. ಆಗ ಮೇಜಿನ ಮೇಲಿನ ಕೆಲಸದಿಂದ ತಲೆ ಎತ್ತದೆ ಹೇಳಬೇಕು: "ಆಗಲಿಲ್ಲ. ಮಂಗಳೂರಿನಿಂದ ಸಾಮಾನು ಬರಬೇಕು." ತಲೆ ಎತ್ತದಿರುವುದು ಮುಖ್ಯ. ಕಣ್ಣಿಗೆ ಕಣ್ಣು ಸೇರಿದರೆ ಸುಳ್ಳು ನಿಲ್ಲುವುದಿಲ್ಲ.

ಗಿರಾಕಿಗಳಿಗೂ ಇದು ಅರ್ಧ ಸುಳ್ಳೆಂದು ತಿಳಿದಿರುತ್ತದೆ. "ಆ ಸಾಮಾನು ನಡೆದುಕೊಂಡು ಬರ್ತಾ ಉಂಟಾ ಹೇಗೆ?" ಎಂದು ನಕ್ಕು ಹೋಗುತ್ತಾರೆ. ಇದರಿಂದ ಯಾರಿಗೂ ನೋವಾಗುವುದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಈ ಮಾತನ್ನು ಪೂರ್ತಿ ನಂಬುವ ಒಬ್ಬನಿಗೆ ಹೇಳಿದ ಮೇಲೆ ನನ್ನ ನಂಬಿಕೆ ಹೋಯಿತು.

ನನ್ನ ಅಂಗಡಿ ಕಡಿಯಾಳಿಯಲ್ಲಿ, ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ರಸ್ತೆಯ ಬದಿಯಲ್ಲಿದೆ. ರಸ್ತೆ ಅಗಲವಾದಾಗ ಅಂಗಡಿಯ ಮುಂದಿನ ಅರ್ಧ ಹೋಯಿತು. ಉಳಿದ ಅರ್ಧದಲ್ಲಿ ಒಂದು ಮೇಜು, ಎರಡು ಸ್ಟೂಲು, ಗೋಡೆಯುದ್ದಕ್ಕೂ ಯಾರೂ ವಾಪಸು ಕೇಳದ ರೇಡಿಯೋಗಳು ಮತ್ತು ಮೈಕ್ ಸೆಟ್ಟಿನ ಆಂಪ್ಲಿಫೈಯರುಗಳು. ಮನೆ ಅಲೆವೂರಿನಲ್ಲಿ. ಹೆಂಡತಿ, ಮಗ, ಸೊಸೆ, ಮೊಮ್ಮಕ್ಕಳು, ಎಲ್ಲ ಇದ್ದಾರೆ, ತುಂಬಿದ ಮನೆ. ಆದರೂ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಶಟರ್ ಎತ್ತುತ್ತೇನೆ. "ಯಾರು ಬರ್ತಾರೆ ಅಂತ ಹೋಗ್ತೀರಿ?" ಎಂದು ಹೆಂಡತಿ ಕೇಳುತ್ತಾಳೆ. ಈಗ ಎಲ್ಲರ ರೇಡಿಯೋ ಫೋನಿನೊಳಗೆ ಇದೆ, ಫೋನು ಹಾಳಾದರೆ ಅದರ ಅಂಗಡಿಯೇ ಬೇರೆ.

ಬರುತ್ತಿದ್ದವನು ಒಬ್ಬನೇ, ನನ್ನ ಸ್ನೇಹಿತ. ಅವನು ಕಾರ್ಕಳದವನು, ಕೊಂಕಣಿ ಮಾತಾಡುವ ಕ್ರೈಸ್ತ. ಪ್ರಾಯದಲ್ಲಿ ಮದುವೆಯ ಬ್ಯಾಂಡಿನಲ್ಲಿ ಗಿಟಾರ್ ಬಾರಿಸುತ್ತಿದ್ದ. ಅವರ ಆಂಪ್ಲಿಫೈಯರು ಮದುವೆಯ ಮುನ್ನಾದಿನವೇ ಹಾಳಾಗುತ್ತಿತ್ತು. ಅದನ್ನು ಹೊತ್ತುಕೊಂಡು ನನ್ನಲ್ಲಿಗೆ ಬರುತ್ತಿದ್ದ. ಹಾಗೆ ಆದ ಸ್ನೇಹ. ನಾವಿಬ್ಬರು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಅದನ್ನು ಕನ್ನಡ ಮಾಡಿ ಬರೆದಿದ್ದೇನೆ. ನಾನು ಅವನನ್ನು "ಪೊರ್ಬುಲೇ" ಎಂದು ಕರೆಯುತ್ತೇನೆ. ಕ್ರೈಸ್ತರನ್ನು ನಮ್ಮ ಕಡೆ ಮರ್ಯಾದೆಯಿಂದ ಹಾಗೆ ಕರೆಯುತ್ತಾರೆ. ಅವನು ನನ್ನನ್ನು "ಧನಿಗಳೇ", ಎಂದರೆ ಯಜಮಾನರೇ, ಎಂದು ಕರೆಯುತ್ತಾನೆ. ಅದರಲ್ಲಿ ಮರ್ಯಾದೆ ಏನೂ ಇಲ್ಲ, ಬರೀ ತಮಾಷೆ.

ಅವನಿಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು, ಮಾತು ಸರಿಯಾಯಿತು, ಎಡಗಾಲು ಸ್ವಲ್ಪ ಎಳೆಯುತ್ತದೆ. ಆದರೆ ಎಡಗೈಯ ಬೆರಳುಗಳು ಅವನ ಮಾತು ಕೇಳುವುದನ್ನು ಬಿಟ್ಟವು. ಗಿಟಾರಿನ ತಂತಿಗಳನ್ನು ಒತ್ತಿ ಹಿಡಿಯುವುದು ಎಡಗೈ. ವ್ಯಾಯಾಮ ಮಾಡಿಸಲು ಮಣಿಪಾಲದ ಆಸ್ಪತ್ರೆಗೆ ಕಾರ್ಕಳದಿಂದ ಬಸ್ಸಿನಲ್ಲಿ ಬರುತ್ತಿದ್ದ. ಅದೇ ಬಸ್ಸು ಮುಂದೆ ಕಡಿಯಾಳಿಯ ಮೂಲಕ ಉಡುಪಿಗೆ ಹೋಗುತ್ತದೆ. ವ್ಯಾಯಾಮ ಮುಗಿಸಿ, ಇನ್ನೊಂದು ಬಸ್ಸು ಹಿಡಿದು, ನನ್ನ ಅಂಗಡಿಯ ಎರಡನೇ ಸ್ಟೂಲಿನಲ್ಲಿ ಬಂದು ಕೂರುತ್ತಿದ್ದ.

ಒಂದು ದಿನ ಬಂದವನೇ ಕೇಳಿದ:

"ಧನಿಗಳೇ, ಗಿಟಾರಿನ ಸದ್ದು ಹಾಳು ಮಾಡುವ ಪೆಟ್ಟಿಗೆ ಒಂದು ಉಂಟು. ನಿನಗೆ ಗೊತ್ತುಂಟಾ?"

"ಹಾಳು ಮಾಡಲು ಪೆಟ್ಟಿಗೆ ಎಂತಕ್ಕೆ? ನಿನ್ನ ಬ್ಯಾಂಡಿನವರು ಸಾಕಿತ್ತಲ್ಲ."

"ತಮಾಷೆ ಅಲ್ಲ ಮಾರಾಯ. ಇದು ನೋಡು."

ಅವನ ಫೋನಿನಲ್ಲಿ ಫಝ್ ಪೆಡಲ್ ಎಂಬುದರ ಸರ್ಕಿಟ್ ಚಿತ್ರ ಇತ್ತು. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಇಡುವ ಚಿಕ್ಕ ಪೆಟ್ಟಿಗೆ. ಪಾದದಿಂದ ಒತ್ತಿದರೆ ಗಿಟಾರಿನ ಸ್ವಚ್ಛ ಸ್ವರ ಒಡೆದು, ದಪ್ಪವಾಗಿ, ಗುಂಯ್ ಎಂದು ಎಳೆಯುತ್ತದೆ. ಒಳಗೆ ಹೆಚ್ಚೇನೂ ಇಲ್ಲ. ಹಳೆಯ ಕಾಲದ ಎರಡು ಟ್ರಾನ್ಸಿಸ್ಟರು, ಕೆಲವು ರೆಸಿಸ್ಟರು, ಕೆಪಾಸಿಟರು, ತಿರುಗಿಸುವ ಎರಡು ಗುಂಡಿ, ಒಂದು ಬ್ಯಾಟರಿ.

"ಪೊರ್ಬುಲೇ, ಈ ಕರ್ಕಶ ಹೋಗಲಿ ಅಂತಲೇ ಅಲ್ವಾ ನೀನು ಇಷ್ಟು ವರ್ಷ ನನ್ನ ಹತ್ತಿರ ಬಂದದ್ದು?"

"ಹೌದು. ಈಗ ಅದನ್ನೇ ವಾಪಸು ಕೊಡು."

ಆಮೇಲೆ ಅವನು ನಗು ನಿಲ್ಲಿಸಿ ಎಡಗೈಯನ್ನು ಮೇಜಿನ ಮೇಲಿಟ್ಟ. ಮಧ್ಯದ ಬೆರಳು, ತೋರುಬೆರಳು ಸ್ವಲ್ಪ ಅಲುಗುತ್ತಿದ್ದವು, ಉಳಿದವು ಸುಮ್ಮನೆ ಮಲಗಿದ್ದವು.

"ಈ ಬೆರಳಿನಲ್ಲಿ ತಂತಿ ಒತ್ತಿದರೆ ಟಿಂಕ್ ಅಂತದೆ, ಸಾಯ್ತದೆ. ಮುಂದಿನ ಜಾಗಕ್ಕೆ ನಾನು ಬೆರಳು ಸಾಗಿಸುವ ಹೊತ್ತಿಗೆ ಹಿಂದಿನ ಸ್ವರವೇ ಇರುವುದಿಲ್ಲ. ಈ ಪೆಟ್ಟಿಗೆ ಇದ್ದರೆ ಸ್ವರ ನಿಲ್ತದೆ. ನನ್ನ ಬೆರಳು ಬರುವವರೆಗೆ ಅದು ಕಾಯ್ತದೆ ಮಾರಾಯ."

ಸ್ವರ ಬೆರಳಿಗಾಗಿ ಕಾಯುತ್ತದೆ ಎನ್ನುವ ಮಾತು ನನ್ನ ಮನಸ್ಸಿನಲ್ಲಿ ಕೂತಿತು.

ಅವನಿಗೆ ಅದು ಒಂದು ದಿನಕ್ಕಾಗಿ ಬೇಕಿತ್ತು. ಕಾಪುವಿನಲ್ಲಿರುವ ತಂಗಿಯ ಮಗಳಿಗೆ ಮದುವೆ ಗೊತ್ತಾಗಿತ್ತು. ಮದುವೆಯ ಹಿಂದಿನ ಸಂಜೆ ಅವರಲ್ಲಿ ರೋಸ್ ಎಂಬ ಕ್ರಮ ಇದೆ. ಮದುಮಗಳನ್ನು ಚಪ್ಪರದಲ್ಲಿ ಕೂರಿಸಿ, ನೆಂಟರೆಲ್ಲ ಸಾಲಾಗಿ ಬಂದು ತೆಂಗಿನ ಹಾಲು ಹಚ್ಚುತ್ತಾರೆ, ಹಾಡುತ್ತಾರೆ. ತಂಗಿಯ ರೋಸಿನಲ್ಲಿ ಇವನು ಗಿಟಾರ್ ಬಾರಿಸಿದ್ದ. ಮಗಳ ರೋಸಿನಲ್ಲೂ ಮಾಮ ಬಾರಿಸಬೇಕು ಎಂದು ಆ ಹುಡುಗಿ ಹಟ ಹಿಡಿದಿದ್ದಳು. ಇಂಥ ಪೆಟ್ಟಿಗೆ ಆನ್‌ಲೈನಿನಲ್ಲಿ ಸಿಗುತ್ತದೆ, ನಾನೇ ತರಿಸಿಕೊಡುತ್ತೇನೆ ಎಂದೂ ಹೇಳಿದ್ದಳಂತೆ.

"ನಾನು ಬೇಡ ಅಂದೆ. ಉಡುಪಿಯಲ್ಲಿ ನಮ್ಮ ಜನ ಉಂಟು, ಅವನು ಮಾಡ್ತಾನೆ ಅಂದೆ," ಎಂದ.

ನನಗೆ ಎಷ್ಟು ಖುಷಿಯಾಯಿತೆಂದರೆ, ಹಳೆಯ ಪಾಕೆಟ್ ರೇಡಿಯೋಗಳಿಂದ ಕಿತ್ತಿಟ್ಟಿದ್ದ ಟ್ರಾನ್ಸಿಸ್ಟರುಗಳ ಡಬ್ಬಿಯನ್ನು ಅವನ ಎದುರಿನಲ್ಲೇ ಮೇಜಿನ ಮೇಲೆ ಸುರಿದೆ.

ಪೆಟ್ಟಿಗೆಗೆ ದುಬೈಯಿಂದ ಯಾರೋ ತಂದಿದ್ದ ಖರ್ಜೂರದ ತಗಡಿನ ಡಬ್ಬಿ ಆಯಿತು. ಪಾದದಿಂದ ಒತ್ತಿದರೆ ತಗಡು ಬಗ್ಗುತ್ತದೆಂದು ಒಳಗೆ ಮರದ ತುಂಡೊಂದನ್ನು ಕೊಟ್ಟೆ. ಬೆಸುಗೆ ಹಾಕಿ, ಮುಚ್ಚಳ ಹಾಕಿ, ಅವನ ಗಿಟಾರನ್ನು ಒಂದು ಕಡೆ, ನನ್ನ ಆಂಪ್ಲಿಫೈಯರನ್ನು ಇನ್ನೊಂದು ಕಡೆ ಜೋಡಿಸಿದೆವು. ಅವನು ಪಾದದಿಂದ ಒತ್ತಿದ. ಸದ್ದು ಇಲ್ಲ. ಇನ್ನೊಮ್ಮೆ ಒತ್ತಿದರೆ ಗಿಟಾರಿನ ಮಾಮೂಲಿ ಸದ್ದು. ಅಂದರೆ ಪೆಟ್ಟಿಗೆಯನ್ನು ದಾಟಿಹೋಗುವ ದಾರಿ ಸರಿಯಿದೆ, ಪೆಟ್ಟಿಗೆಯೊಳಗಿನ ದಾರಿ ಎಲ್ಲೋ ಕಡಿದಿದೆ.

"ಧನಿಗಳೇ, ಇದು ತುಂಬ ಒಳ್ಳೆಯ ಪೆಟ್ಟಿಗೆ. ಹಾಳು ಮಾಡುವುದು ಬಿಡು, ಸದ್ದನ್ನೇ ತಿಂತದೆ."

"ಖರ್ಜೂರದ ಡಬ್ಬಿ ಅಲ್ವಾ, ರಂಜಾನಿನ ಉಪವಾಸ ಬಿಡ್ತಾ ಉಂಟು," ಎಂದೆ.

ಗಿಟಾರನ್ನು ಬಸ್ಸಿನಲ್ಲಿ ಹೊತ್ತುಕೊಂಡು ಓಡಾಡುವುದು ಅವನಿಗೆ ಕಷ್ಟ. ಟೆಸ್ಟ್ ಮಾಡಲೂ ಬೇಕು. ಹಾಗಾಗಿ ಗಿಟಾರ್ ನನ್ನ ಅಂಗಡಿಯಲ್ಲೇ ಉಳಿಯಿತು. ಇದನ್ನು ಓದುವವರು ನೆನಪಿನಲ್ಲಿಡಬೇಕು. ನಾನು ಆಗ ಅದರ ಬಗ್ಗೆ ಯೋಚಿಸಲೇ ಇಲ್ಲ.

ಮುಂದಿನ ಕೆಲವು ವಾರ ನನ್ನ ಮುಪ್ಪಿನಲ್ಲಿ ಅತ್ಯಂತ ಸುಖದ ದಿನಗಳಾಗಿದ್ದವು. ಅವನು ಬರುತ್ತಿದ್ದ, ಎದುರಿನ ಹೋಟೆಲಿನಿಂದ ಚಹಾ ಮತ್ತು ಬನ್ಸ್ ಬರುತ್ತಿತ್ತು. ಡಬ್ಬಿಯ ಮುಚ್ಚಳ ತೆಗೆದು ಇಬ್ಬರೂ ತಲೆಗೆ ತಲೆ ತಾಗುವಂತೆ ಬಗ್ಗುತ್ತಿದ್ದೆವು. ಮೊದಲು ಬ್ಯಾಟರಿ ನೋಡಿದೆವು, ಸರಿಯಿತ್ತು. ಪೆಟ್ಟಿಗೆ ಆನ್ ಆದದ್ದನ್ನು ತೋರಿಸುವ ಚಿಕ್ಕ ಕೆಂಪು ದೀಪ ಉರಿಯದಿದ್ದದ್ದು ನಾನು ಅದನ್ನು ತಿರುಗಾಮುರುಗಾ ಹಾಕಿದ್ದರಿಂದ. ಆ ಹಳೆಯ ಟ್ರಾನ್ಸಿಸ್ಟರುಗಳಿಗೆ ಬ್ಯಾಟರಿಯ ಪ್ಲಸ್ ಬದಿಯನ್ನು ಡಬ್ಬಿಯ ಮೈಗೆ ಕೊಡಬೇಕು, ಈಗಿನ ಕ್ರಮಕ್ಕೆ ಪೂರಾ ಉಲ್ಟಾ. ಅದನ್ನು ನೆನಪಿಟ್ಟವನು ದೀಪವನ್ನು ಉಲ್ಟಾ ಮಾಡುವುದನ್ನು ಮರೆತಿದ್ದೆ. ದೀಪ ಉರಿಯಿತು, ಸದ್ದು ಬರಲಿಲ್ಲ. ಮರುವಾರ ಪಾದದ ಸ್ವಿಚ್ಚು ಬಿಚ್ಚಿದೆವು. ಆಮೇಲೆ ಟ್ರಾನ್ಸಿಸ್ಟರಿನ ಕಾಲುಗಳು. ಯಾವುದು ಯಾವ ಕಾಲೆಂದು ತೋರಿಸುವ ಕೆಂಪು ಚುಕ್ಕೆ ಒಂದರಲ್ಲಿ ಅಳಿಸಿಹೋಗಿತ್ತು, ನಾನು ಅಂದಾಜಿನಲ್ಲಿ ಹಾಕಿದ್ದೆ. ಮೀಟರು ಹಿಡಿದು ನೋಡಿದರೆ ಅಂದಾಜು ಸರಿಯಿತ್ತು. ಕಣ್ಣಿನ ಪೊರೆ ತೆಗೆಸಿದ ಮೇಲೆ ನನಗೆ ಹತ್ತಿರದ ಕೆಲಸ ನಿಧಾನ. ಅವನು ಟಾರ್ಚ್ ಹಿಡಿಯುತ್ತಿದ್ದ, ಬಲಗೈಯಲ್ಲಿ.

"ಅಲ್ಲಿ ಅಲ್ಲ, ಇಲ್ಲಿ ಹಿಡಿ."

"ನಿನ್ನ ತಲೆ ಅಡ್ಡ ಉಂಟು. ಕೂದಲಿಲ್ಲದಿದ್ದರೂ ಬೆಳಕು ದಾಟುವುದಿಲ್ಲ."

ಈ ದಿನಗಳಲ್ಲಿ ನಾನು ಸುಳ್ಳು ಹೇಳಲಿಲ್ಲ. ನಿಜವಾಗಿಯೂ ತಪ್ಪು ಸಿಕ್ಕಿರಲಿಲ್ಲ. ಇದನ್ನು ಹೇಳುವುದು ನನ್ನನ್ನು ಬಿಡಿಸಿಕೊಳ್ಳಲಿಕ್ಕಲ್ಲ. ಪಾಪ ಎಲ್ಲಿ ಆರಂಭವಾಯಿತೆಂದು ಸರಿಯಾಗಿ ತೋರಿಸಲಿಕ್ಕೆ.

ಅದು ಆರಂಭವಾದದ್ದು ಅವನು ಬಾರದ ಒಂದು ದಿನ. ಅಂಗಡಿಯಲ್ಲಿ ಒಬ್ಬನೇ ಕೂತು ಹಳೆಯ ವಿಧಾನದಲ್ಲಿ ಹುಡುಕಿದೆ. ಸ್ಪೀಕರಿನ ಕಡೆಯಿಂದ ಹಿಂದಕ್ಕೆ ಒಂದೊಂದೇ ಜಾಗ ಬೆರಳಿಂದ ಮುಟ್ಟುತ್ತಾ ಬರುವುದು. ದಾರಿ ಸರಿಯಿದ್ದರೆ ನಮ್ಮ ಮೈಯ ಕರೆಂಟು ಸ್ಪೀಕರಿನಲ್ಲಿ ಬೂಂ ಎನ್ನುತ್ತದೆ. ಎಲ್ಲಿ ಮುಟ್ಟಿದರೆ ಬೂಂ ನಿಲ್ಲುತ್ತದೋ ಅದರ ಮುಂದೆ ದಾರಿ ಕಡಿದಿದೆ. ಸದ್ದು ಹೆಚ್ಚುಕಡಿಮೆ ಮಾಡುವ ಗುಂಡಿಯ ಕಾಲು ಮುಟ್ಟಿದೆ: ಬೂಂ. ಅದರ ಹಿಂದಿನ ಕೆಪಾಸಿಟರಿನ ಆಚೆ ಬದಿ ಮುಟ್ಟಿದೆ: ಮೌನ.

ಒಂದು ಬೆಂಕಿಕಡ್ಡಿ ತೆಗೆದುಕೊಂಡು ಆ ಕೆಪಾಸಿಟರಿನ ಕಾಲನ್ನು ಮೆಲ್ಲಗೆ ಒತ್ತಿದೆ. ಇನ್ನೊಂದು ಕೈಯಲ್ಲಿ ಗಿಟಾರಿನ ತಂತಿ ಮೀಟಿದೆ.

ಬಂತು. ಹೇಗೆ ಹೇಳಲಿ, ಅಂಗಡಿಯ ತಗಡಿನ ಡಬ್ಬಿಗಳೆಲ್ಲ ನಡುಗಿದವು. ಸ್ವರ ಒಡೆದು, ಉಬ್ಬಿ, ಎಳೆದು, ಎಳೆದು, ಸಾಯಲು ಮನಸ್ಸಿಲ್ಲದ ಹಾಗೆ ನಿಂತಿತು. ಕಡ್ಡಿ ತೆಗೆದೆ, ಸದ್ದು ಹೋಯಿತು. ಒತ್ತಿದೆ, ಬಂತು.

ಬೆಸುಗೆ ಹಿಡಿದಿರಲಿಲ್ಲ, ಅಷ್ಟೇ. ನಮ್ಮ ಕಡಲ ಬದಿಯ ಗಾಳಿಗೆ ಹಳೆಯ ಸಾಮಾನುಗಳ ಕಾಲು ಕಪ್ಪಾಗುತ್ತವೆ. ಬ್ಲೇಡಿನಿಂದ ಕೆರೆದು ಹೊಳಪು ಬಂದ ಮೇಲೆ ಬೆಸುಗೆ ಹಾಕಬೇಕು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಕಲಿಸುವ ಪಾಠ. ಗೆಳೆಯನ ಮುಂದೆ ಕೈಚಳಕ ತೋರಿಸುವ ಆತುರದಲ್ಲಿ ನಾನು ಕೆರೆದಿರಲಿಲ್ಲ. ಬೆಸುಗೆ ಮೇಲೆ ಮೇಲೆ ಕೂತಿತ್ತು, ಒಳಗೆ ಕೂಡಿರಲಿಲ್ಲ.

ಬೆಸುಗೆಯ ಕಬ್ಬಿಣ ಬಿಸಿಯಾಗಿಯೇ ಇತ್ತು. ಕೆರೆದು ಮುಟ್ಟಿಸಿದ್ದರೆ ಚಹಾ ತಣ್ಣಗಾಗುವುದರೊಳಗೆ ಮುಗಿಯುತ್ತಿತ್ತು. ನಾನು ಪ್ಲಗ್ಗು ಕಿತ್ತೆ. ಡಬ್ಬಿಯ ಮುಚ್ಚಳ ಹಾಕಿದೆ.

ಏಕೆ ಎಂದು ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಅವನು ಬಂದಾಗ ಅವನ ಎದುರಿಗೇ ಮಾಡೋಣ, ಖುಷಿಪಡುತ್ತಾನೆ ಎಂದು ಹೇಳಿಕೊಂಡೆ. ಅವನು ಬಂದ. ಸ್ಟೂಲಿನಲ್ಲಿ ಕೂತ. ಚಹಾ ಬಂತು. ಟಾರ್ಚ್ ತೆಗೆದು, "ಇವತ್ತು ಯಾವ ಕಡೆಯಿಂದ ಶುರು?" ಎಂದ. ಸರಿಯಾದರೆ ಈ ಡಬ್ಬಿ ಕಾರ್ಕಳಕ್ಕೆ ಹೋಗುತ್ತದೆ, ಗಿಟಾರೂ ಹೋಗುತ್ತದೆ, ಈ ಸ್ಟೂಲು ಖಾಲಿಯಾಗುತ್ತದೆ ಎಂದು ನನಗೆ ಅನಿಸಿತು. ಮನೆಯಲ್ಲಿ ನನ್ನನ್ನು ಪ್ರೀತಿಸುವವರಿದ್ದಾರೆ. ಆದರೆ ನನ್ನ ಕೈ ಮಾಡುವ ಕೆಲಸವನ್ನು ಉಸಿರು ಹಿಡಿದು ನೋಡುವವನು ಇವನೊಬ್ಬನೇ. ಮೇಜಿನಿಂದ ತಲೆ ಎತ್ತದೆ ಹೇಳಿದೆ:

"ಟ್ರಾನ್ಸಿಸ್ಟರ್ ಒಂದು ಹೋಗಿದೆ ಪೊರ್ಬುಲೇ. ಮಂಗಳೂರಿನಿಂದ ಸಾಮಾನು ಬರಬೇಕು."

"ಎಂತ ಅದರ ಹೆಸರು?"

"ಎ ಸಿ ನೂರ ಇಪ್ಪತ್ತೆಂಟು."

ಅವನು ಬಾಯಲ್ಲೇ ಒಮ್ಮೆ ಹೇಳಿಕೊಂಡ. "ರೋಸಿಗೆ ಮೊದಲು ಬರ್ತದಲ್ಲ?"

"ಬರದೆ ಎಂತ."

ಮುಂದಿನ ಸಲ ಬಂದಾಗ ಕೇಳಿದ. ಬಂದಿಲ್ಲ ಎಂದೆ. ಅದರ ಮುಂದಿನ ಸಲವೂ. ಅಷ್ಟು ಹೊತ್ತು ಗಿಟಾರನ್ನು ತೊಡೆಯ ಮೇಲಿಟ್ಟು ಎರಡು ಬೆರಳಲ್ಲಿ ಪ್ರಯತ್ನಿಸುತ್ತಿದ್ದ. ಟಿಂಕ್. ಟಿಂಕ್. ಸ್ವಲ್ಪ ಹೊತ್ತಿನಲ್ಲಿ ಕೆಳಗಿಡುತ್ತಿದ್ದ. ಸಾಮಾನು ಬರಲಿ, ಮತ್ತೆ ಕೂತು ಅಭ್ಯಾಸ ಮಾಡೋಣ ಎನ್ನುತ್ತಿದ್ದ. ನಾನು ಬನ್ಸ್ ಅವನ ಕಡೆಗೆ ಸರಿಸುತ್ತಿದ್ದೆ.

ರೋಸ್ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಅವನ ಮಗಳ ಫೋನು ಬಂತು. ಕಾರ್ಕಳದಲ್ಲಿ ಅವನು ಇರುವುದು ಆ ಮಗಳ ಮನೆಯಲ್ಲೇ.

"ಅಂಕಲ್, ಡ್ಯಾಡಿ ಅಲ್ಲಿ ಇದ್ದಾರಾ? ಫೋನ್ ತೆಗೀತಾ ಇಲ್ಲ."

"ಇಲ್ಲಿ ಬರಲಿಲ್ಲ ಮಗಾ."

"ಬೆಳಿಗ್ಗೆ ನಿಮ್ಮಲ್ಲಿಗೆ ಅಂತ ಹೊರಟದ್ದು. ಇವತ್ತು ಆಸ್ಪತ್ರೆಯೂ ಇಲ್ಲ." ಅವಳ ಸ್ವರ ಏರಿತು. "ಎಲ್ಲಾದರೂ ಬಿದ್ದರೆ ಯಾರಿಗೆ ಗೊತ್ತಾಗ್ತದೆ ಅಂಕಲ್?"

ನಾನು ನೋಡುತ್ತೇನೆ ಎಂದು ಫೋನಿಟ್ಟೆ. ಅವನು ಎಲ್ಲಿಗೆ ಹೋಗಿದ್ದಾನೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ರಸ್ತೆಯ ಬದಿಗೆ ಹೋಗಿ ನಿಂತೆ. ಬರುವ ಬಸ್ಸುಗಳನ್ನೆಲ್ಲ ನೋಡಿದೆ. ಮಂಗಳೂರಿನ ಬಸ್ಸುಗಳ ವೇಗ, ಕಾಲು ಇಡುವ ಮೊದಲೇ "ಪೋಯಿ ಪೋಯಿ" ಎಂದು ಬಸ್ಸು ಹೊರಡಿಸುವ ಕಂಡಕ್ಟರು, ಎಳೆಯುವ ಎಡಗಾಲು, ಹಿಡಿಯಲಾಗದ ಎಡಗೈ. ನಾನು ದೇವಸ್ಥಾನಕ್ಕೆ ಹೆಚ್ಚು ಹೋಗುವವನಲ್ಲ. ಅವತ್ತು ರಸ್ತೆಯಲ್ಲೇ ನಿಂತು ಕಡಿಯಾಳಿಯ ಅಮ್ಮನಿಗೆ ಕೈ ಮುಗಿದೆ.

ಸಂಜೆ ಅವನು ಉಡುಪಿಯ ಕಡೆಯಿಂದ ಬಂದ ಬಸ್ಸಿನಿಂದ ಇಳಿದ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಬಲ ಅಂಗೈಗೆ ಕರವಸ್ತ್ರ ಸುತ್ತಿತ್ತು. ಮುಖ ಮಾತ್ರ ಬಹುಮಾನ ಗೆದ್ದ ಹುಡುಗನ ಹಾಗಿತ್ತು.

"ಧನಿಗಳೇ! ನಿನ್ನ ಸಾಮಾನು ನಡೆದುಕೊಂಡು ಬಂತು!"

"ಕೈಗೆ ಎಂತ ಆಯಿತು?"

"ಬಸ್ಸು ಇಳಿಯುವಾಗ ನೆಲವನ್ನು ಸ್ವಲ್ಪ ಮುಟ್ಟಿ ನೋಡಿದೆ. ಚರ್ಮ ಅಷ್ಟೇ, ಬಿಡು. ಕೇಳು ಇಲ್ಲಿ. ದಾರಿಯುದ್ದಕ್ಕೂ ಮರೆಯಬಾರದು ಅಂತ ಜಪಮಾಲೆಯ ಹಾಗೆ ಹೇಳಿಕೊಂಡು ಹೋದೆ, ಎ ಸಿ ನೂರ ಇಪ್ಪತ್ತೆಂಟು, ಎ ಸಿ ನೂರ ಇಪ್ಪತ್ತೆಂಟು. ಪಕ್ಕದ ಹೆಂಗಸು ಇವನಿಗೆ ತಲೆ ಸರಿ ಇಲ್ಲ ಅಂತ ಎದ್ದು ಬೇರೆ ಸೀಟಿಗೆ ಹೋದಳು. ಒಬ್ಬ ಅಂಗಡಿಯವನು ಎ ಸಿ ಅಂದ್ರೆ ಎದುರಿನ ಶೋರೂಮಿಗೆ ಹೋಗಿ ಅಜ್ಜ, ಅಂದ. ಇನ್ನೊಬ್ಬ ಮ್ಯೂಸಿಯಮ್ಮಿನಲ್ಲಿ ಕೇಳಿ ಅಂದ. ಕಡೆಗೆ ಒಂದು ಗಲ್ಲಿಯಲ್ಲಿ ನಿನ್ನ ಹಾಗೇ ಒಬ್ಬ ಮುದುಕ. ಡ್ರಾಯರಿನ ಹಿಂದೆ ಕೈ ಹಾಕಿ ತೆಗೆದ ಮಾರಾಯ!"

ಕಿಸೆಯಿಂದ ಚಿಕ್ಕ ಪ್ಲಾಸ್ಟಿಕ್ ತೆಗೆದು ಮೇಜಿನ ಮೇಲಿಟ್ಟ. ಒಳಗೆ ಬೆಳ್ಳಿ ಬಣ್ಣದ ಟೋಪಿಯ ಟ್ರಾನ್ಸಿಸ್ಟರ್. ಕೆಂಪು ಚುಕ್ಕೆ ಇನ್ನೂ ಹೊಳೆಯುತ್ತಿತ್ತು. ನಾನು ಹೇಳಿದ್ದ ಸಾಮಾನೇ. ನಾನು ಹೇಳಿದ ಸುಳ್ಳನ್ನು ಅವನು ಊರೆಲ್ಲ ಹುಡುಕಿ ನಿಜ ಮಾಡಿ ತಂದಿದ್ದ.

ಮೊದಲು ಅವನ ಮಗಳಿಗೆ ಫೋನು ಮಾಡಿಸಿದೆ. ನೀರು ಕೊಟ್ಟೆ, ಅಂಗೈ ತೊಳೆಸಿದೆ. ಅಷ್ಟು ಹೊತ್ತಿನಲ್ಲಿ ನನ್ನ ತಲೆ ಕಳ್ಳ ಲೆಕ್ಕ ಹಾಕಿ ಮುಗಿಸಿತ್ತು. ಇವನು ತಂದದ್ದನ್ನು ಹಾಕಿದ ಹಾಗೆ ಮಾಡುವುದು. ಜೊತೆಗೆ ಆ ಬೆಸುಗೆಯನ್ನೂ ಹಾಕಿಬಿಡುವುದು. ಸದ್ದು ಬರುತ್ತದೆ. ತಾನು ತಂದ ಸಾಮಾನಿನಿಂದ ಬಂತೆಂದು ಅವನು ಸಾಯುವವರೆಗೂ ಹೇಳಿಕೊಂಡು ತಿರುಗುತ್ತಾನೆ. ಅವನಿಗೂ ಖುಷಿ, ನನಗೂ ಕ್ಷೇಮ.

ಕಬ್ಬಿಣ ಬಿಸಿಗಿಟ್ಟೆ. ಡಬ್ಬಿ ತೆರೆದೆ. ಅವನು ಟಾರ್ಚ್ ಹಿಡಿದ, ಗಾಯದ ಕೈಯಲ್ಲಿ.

"ಯಾವುದು ಹೋದದ್ದು? ತೋರಿಸು. ಅದು ಹೊರಗೆ ಬರುವುದು, ಇದು ಒಳಗೆ ಹೋಗುವುದು, ನಾನು ಕಣ್ಣಾರೆ ನೋಡಬೇಕು."

ಎರಡೂ ಟ್ರಾನ್ಸಿಸ್ಟರುಗಳು ಅಲ್ಲಿ ಆರೋಗ್ಯವಾಗಿ ಕೂತಿದ್ದವು. ಒಂದರ ಕಡೆಗೆ ಬೆರಳು ತೋರಿಸಿ 'ಇದು' ಎನ್ನಬೇಕಿತ್ತು. ನನ್ನ ಕೈ ಮುಂದೆ ಹೋಗಲಿಲ್ಲ. ಗಿಟಾರಿನ ವಯರನ್ನು ಜೋಡಿಸಿ, ಬೆಂಕಿಪೆಟ್ಟಿಗೆಯಿಂದ ಒಂದು ಕಡ್ಡಿ ತೆಗೆದು ಅವನ ಕೈಗೆ ಕೊಟ್ಟೆ.

"ಇಲ್ಲಿ ಒತ್ತು," ಎಂದೆ. ತಂತಿಯನ್ನು ನಾನು ಮೀಟಿದೆ.

ಅವನು ಒತ್ತಿದ. ಸದ್ದು ಬಂತು. ಬೆಚ್ಚಿ ಕಡ್ಡಿ ತೆಗೆದ. ನಿಂತಿತು. ಮತ್ತೆ ಒತ್ತಿದ. ಇನ್ನೊಮ್ಮೆ. ಆಮೇಲೆ ಪ್ಲಾಸ್ಟಿಕ್ಕಿನೊಳಗೇ ಇದ್ದ ತನ್ನ ಸಾಮಾನನ್ನು ನೋಡಿದ, ನನ್ನನ್ನು ನೋಡಿದ. ಈ ಸಲ ನಾನು ತಲೆ ಎತ್ತಿಯೇ ಕೂತಿದ್ದೆ.

"ಇದು ಯಾವಾಗಿನಿಂದ ಗೊತ್ತು?"

"ಸಾಮಾನು ಬರಬೇಕು ಅಂತ ಹೇಳಿದ ದಿನಕ್ಕಿಂತ ಮೊದಲು."

"ಯಾಕೆ?"

"ಸರಿಯಾದರೆ ನೀನು ಬರುವುದಿಲ್ಲ ಅಂತ."

ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ನಮ್ಮ ನಡುವೆ ಬೈಗುಳಕ್ಕೆ ಬಡತನ ಇರಲಿಲ್ಲ. ಅವನು ಎಡಗೈಯನ್ನು ಬಲಗೈಯಿಂದ ಎತ್ತಿ ಮೇಜಿನ ಮೇಲಿಟ್ಟ, ಮೊದಲ ದಿನ ಇಟ್ಟ ಹಾಗೆಯೇ. ತೋರುಬೆರಳು ಮಾತ್ರ ಅಲುಗುತ್ತಿತ್ತು.

"ಆಡಿಸದ ಬೆರಳು ಹಾಗೇ ಗಟ್ಟಿಯಾಗ್ತದೆ ಅಂತ ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಆದಷ್ಟು ಗಿಟಾರ್ ಹಿಡಿಯಿರಿ ಅಂದಿದ್ದರು. ಗಿಟಾರ್ ನಿನ್ನ ಹತ್ತಿರ ಇತ್ತು. ಬರುವುದಕ್ಕೆ ನನಗೆ ಡಬ್ಬಿ ಬೇಕಿತ್ತಾ ಮಾರಾಯ? ಡಬ್ಬಿಯ ಮೊದಲು ನಾನು ಬರ್ತಾ ಇರಲಿಲ್ವಾ?"

ಅದು ನಿಜವಾಗಿತ್ತು. ಅಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ.

"ಬೆಸುಗೆ ಹಾಕು," ಎಂದ.

ಕಾಲನ್ನು ಬ್ಲೇಡಿನಿಂದ ಕೆರೆದೆ, ಹೊಳಪು ಬರುವವರೆಗೆ. ಬೆಸುಗೆ ಹಾಕಿದೆ. ಅದು ಕರಗಿ, ಹರಿದು, ಕಾಲನ್ನು ಸುತ್ತಿಕೊಂಡು ಕನ್ನಡಿಯ ಹಾಗೆ ನಿಂತಿತು. ಮುಚ್ಚಳ ಹಾಕಿ ಕೊಟ್ಟೆ. ಅವನು ಡಬ್ಬಿಯನ್ನು ಚೀಲಕ್ಕೆ ಹಾಕಿ, ಗಿಟಾರನ್ನು ಬೆನ್ನಿಗೆ ಏರಿಸಿಕೊಂಡ. ಸಹಾಯಕ್ಕೆ ಹೋದರೆ ಬೇಡವೆಂದು ತಲೆಯಾಡಿಸಿದ. ಪ್ಲಾಸ್ಟಿಕ್ಕಿನಲ್ಲಿದ್ದ ಟ್ರಾನ್ಸಿಸ್ಟರನ್ನು ನನ್ನ ಕಡೆಗೆ ಸರಿಸಿದ.

"ಇದು ಇರಲಿ. ನಿನಗೆ ಬೇಕಿತ್ತಲ್ಲ."

ಕಾರ್ಕಳದ ಬಸ್ಸು ಬಂತು. ಕಂಡಕ್ಟರ್ ಗಿಟಾರನ್ನು ಹಿಡಿದುಕೊಂಡು ಅವನನ್ನು ಹತ್ತಿಸಿಕೊಂಡ. ಆ ಹುಡುಗನಿಗೆ ನಾನು ಮನಸ್ಸಿನಲ್ಲಿ ಕೈ ಮುಗಿದೆ.

ರೋಸಿಗೆ ಹೋಗುವುದೋ ಬೇಡವೋ ಎಂದು ಹೆಂಡತಿಯನ್ನು ಕೇಳಿದೆ. ಅವಳಿಗೆ ಎಲ್ಲವನ್ನೂ ಹೇಳಬೇಕಾಯಿತು. ಕೇಳಿ ಅವಳು, "ಕರೆದಿದ್ದಾರೆ, ಬರಬೇಡ ಅಂತ ಹೇಳಲಿಲ್ಲ. ಹೋಗಿ, ಹಿಂದೆ ಕೂತುಕೊಳ್ಳಿ," ಎಂದಳು.

ಕಾಪುವಿನಲ್ಲಿ ಅವನ ತಂಗಿಯ ಮನೆ ಕಡಲಿನಿಂದ ಹೆಚ್ಚು ದೂರವಿಲ್ಲ. ಅಂಗಳದಲ್ಲಿ ಚಪ್ಪರ. ಹುಡುಗಿ ನಡುವೆ ಕೂತಿದ್ದಳು, ಹಣೆ, ಕೈ ಎಲ್ಲ ತೆಂಗಿನ ಹಾಲು. ಮುದುಕಿಯರು ಸುತ್ತ ನಿಂತು ಹಾಡುತ್ತಿದ್ದರು. ನಾನು ಕೊನೆಯ ಸಾಲಿನಲ್ಲಿ ಕೂತೆ. ಅವನು ನನ್ನನ್ನು ನೋಡಿದ, ತಲೆ ಅಲುಗಿಸಿದ, ಅಷ್ಟೇ.

ಹಾಡು ನಿಂತಾಗ ಅವನು ಕುರ್ಚಿಯಲ್ಲಿ ಕೂತು ಗಿಟಾರನ್ನು ತೊಡೆಗೇರಿಸಿದ. ಖರ್ಜೂರದ ಡಬ್ಬಿ ಕಾಲ ಬಳಿ. ಒತ್ತಿದ, ಕೆಂಪು ದೀಪ ಉರಿಯಿತು. ತಂಗಿಯ ರೋಸಿನಲ್ಲಿ ಬಾರಿಸಿದ್ದ ಅದೇ ಹಳೆಯ ಹಾಡು. ಒಂದು ಬೆರಳಿನಿಂದ ಒಂದು ಸ್ವರ. ಆ ಸ್ವರ ಉಬ್ಬಿ ಚಪ್ಪರದ ತುಂಬ ನಿಂತಿತು. ಬೆರಳು ತಂತಿಯ ಮೇಲೆ ಮೆಲ್ಲಗೆ ಜಾರುತ್ತಾ ಮುಂದಿನ ಜಾಗ ಹುಡುಕಿತು. ಸ್ವರ ಕಾದಿತು. ಬೆರಳು ತಲುಪಿತು.

ನನ್ನ ಮುಂದೆ ಕೂತಿದ್ದ ಮುದುಕಿ ಪಕ್ಕದವಳಿಗೆ, "ಇದೆಂತ ಮಾರಾಯ್ತಿ, ಗಿಟಾರಿನಲ್ಲಿ ವಾಲಗ ಬರ್ತದಲ್ಲ!" ಎಂದಳು. ಹುಡುಗಿ ನಗುತ್ತಾ ಅಳುತ್ತಿದ್ದಳು, ತೆಂಗಿನ ಹಾಲಿನಲ್ಲಿ ಕಣ್ಣೀರು ಕಾಣುತ್ತಿರಲಿಲ್ಲ.

ಹಾಡಿನ ನಡುವೆ ಒಂದು ಏರುವ ಜಾಗ ಇದೆ. ಅಲ್ಲಿಗೆ ಬಂದಾಗ ಬೆರಳು ಎರಡು ಸಲ ಪ್ರಯತ್ನಿಸಿತು, ತಲುಪಲಿಲ್ಲ. ಅವನು ಆ ಸಾಲನ್ನು ಬಿಟ್ಟು ಮುಂದಿನ ಸಾಲಿಗೆ ಹೋದ. ಯಾರಿಗೂ ಅದು ಕೊರತೆ ಎನಿಸಲಿಲ್ಲ, ಹಾಡು ಗೊತ್ತಿದ್ದವರು ತಾವೇ ಬಾಯಲ್ಲಿ ಆ ಜಾಗ ತುಂಬಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಏರುವ ಸಾಲು ಎಲ್ಲಿ ಹೋಯಿತೆಂದು ಅಂಗಳದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅದು ಕಡಿಯಾಳಿಯ ಅರ್ಧ ಅಂಗಡಿಯಲ್ಲಿ, ಚಹಾ ಮತ್ತು ಬನ್ಸಿನ ಪಕ್ಕದಲ್ಲಿ, ಕೆಲಸವಿಲ್ಲದೆ ಗೋಡೆಗೆ ಒರಗಿ ಕೂತಿತ್ತು. ಅಭ್ಯಾಸ ಮಾಡಿದ್ದರೆ ತಲುಪುತ್ತಿತ್ತೋ ಇಲ್ಲವೋ, ದೇವರಿಗೆ ಗೊತ್ತು. ಆದರೆ ಅದನ್ನು ತಿಳಿಯುವ ಅವಕಾಶವನ್ನೇ ನಾನು ತೆಗೆದಿದ್ದೆ.

ಊಟಕ್ಕೆ ನಿಲ್ಲದೆ ಬಂದೆ.

ಮದುವೆಯ ನಂತರ ಅವನು ಕೆಲವು ವಾರ ಬರಲಿಲ್ಲ. ನಾನು ದಿನವೂ ಶಟರ್ ಎತ್ತುತ್ತಿದ್ದೆ. ಒಬ್ಬ ಗಿರಾಕಿ ಹಳೆಯ ಟೇಪ್ ರೆಕಾರ್ಡರ್ ತಂದುಕೊಟ್ಟು, ಮರುದಿನ ಬಂದು ಆಯಿತಾ ಎಂದು ಕೇಳಿದ. "ಬಿಚ್ಚಿ ನೋಡಲಿಲ್ಲ, ಸೋಮಾರಿತನ," ಎಂದೆ. ಅವನು ಗಾಬರಿಯಾಗಿ ಅದನ್ನು ವಾಪಸು ತೆಗೆದುಕೊಂಡು ಹೋದ.

ಆಮೇಲೆ ಒಂದು ದಿನ ಹನ್ನೊಂದರ ಹೊತ್ತಿಗೆ ಮಣಿಪಾಲದ ಕಡೆಯ ಬಸ್ಸಿನಿಂದ ಅವನು ಇಳಿದ. ಹೆಗಲಲ್ಲಿ ಚೀಲ. ಸ್ಟೂಲಿನಲ್ಲಿ ಕೂತು ಬೆವರು ಒರೆಸಿಕೊಂಡ.

"ಧನಿಗಳೇ, ಚಹಾ ಹೇಳು."

ಹೇಳಿದೆ. ಚೀಲದಿಂದ ಖರ್ಜೂರದ ಡಬ್ಬಿ ತೆಗೆದ. ದೀಪ ಮಂಕಾಗಿದೆ, ಬ್ಯಾಟರಿ ಬೇಕು ಎಂದ. ಹೊಸ ಬ್ಯಾಟರಿ ತೆಗೆದು, ಡಬ್ಬಿಗಾಗಿ ಕೈ ಚಾಚಿದೆ. ಅವನು ಬ್ಯಾಟರಿಯನ್ನು ಮಾತ್ರ ತೆಗೆದುಕೊಂಡ. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ತಾನೇ ಮುಚ್ಚಳ ತೆಗೆದ. ಎಡಗೈಯಿಂದ ಕ್ಲಿಪ್ಪನ್ನು ಹಿಡಿಯಬೇಕು, ಬಲಗೈಯಿಂದ ಬ್ಯಾಟರಿ ಒತ್ತಬೇಕು. ಕ್ಲಿಪ್ಪು ಜಾರುತ್ತಿತ್ತು. ಮತ್ತೆ ಹಿಡಿಯುತ್ತಿದ್ದ. ನನ್ನ ಕೈ ತಾನಾಗಿ ಮೇಜಿನಿಂದ ಏಳುತ್ತಿತ್ತು, ನಾನು ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಚಹಾ ತಣ್ಣಗಾಯಿತು.

ಈಗಲೂ ಹಾಗೆಯೇ. ಬರುತ್ತಾನೆ, ಕೂರುತ್ತಾನೆ, ನನ್ನ ತಲೆಯ ಬಗ್ಗೆ ತಮಾಷೆ ಮಾಡುತ್ತಾನೆ, ಕಾಪುವಿನ ಸುದ್ದಿ ಹೇಳುತ್ತಾನೆ. ಡಬ್ಬಿ ಅವನ ಚೀಲದಲ್ಲೇ ಇರುತ್ತದೆ, ಚೀಲ ಅವನ ಹೆಗಲಲ್ಲೇ ಇರುತ್ತದೆ. ಇಲ್ಲಿ ಬಿಟ್ಟು ಹೋಗುವುದಿಲ್ಲ. ಅವನು ತಂದ ಟ್ರಾನ್ಸಿಸ್ಟರು ನನ್ನ ಡ್ರಾಯರಿನಲ್ಲಿದೆ, ಪ್ಲಾಸ್ಟಿಕ್ಕಿನಿಂದ ತೆಗೆದಿಲ್ಲ. ಮೊನ್ನೆ ಕ್ಲಿಪ್ಪು ಮೊದಲ ಸಲಕ್ಕೇ ಕೂತಿತು. ಅವನು ಎಡಗೈಯನ್ನು ಎತ್ತಿ ಬೆರಳುಗಳನ್ನು ಒಮ್ಮೆ ನನಗೆ ತೋರಿಸಿದ. ಮಧ್ಯದ ಬೆರಳಿನ ಜೊತೆ ಮೂರನೆಯದೂ ಸ್ವಲ್ಪ ಅಲುಗುತ್ತಿತ್ತು.